ಎರಡು ವಿಂಡೋ, ಒಂದು ಟೆಕ್ಸ್ಚರ್: ಈ ಗೋಜಲು ಶುರುವಾದದ್ದು ಎಲ್ಲಿ?

ಮ್ಯಾಕ್ಸ್‌ನಂಥ ಸಾಫ್ಟ್‌ವೇರ್‌ನಲ್ಲಿ ಕೋಡ್ ಬರೆಯುವ ಬದಲು ಬಾಕ್ಸುಗಳನ್ನು ಗೆರೆ ಎಳೆದು ಜೋಡಿಸುತ್ತಾರೆ. ಹೀಗೆ ಜೋಡಿಸಿದ್ದೇ ಪ್ಯಾಚ್. ವೇದಿಕೆಯಲ್ಲಿ ಸಂಗೀತದ ಜೊತೆ ಪರದೆಯ ಮೇಲೆ ಚಿತ್ರ, ಅಂದರೆ ವಿಷುವಲ್ಸ್ ನಡೆಸುವವರಿಗೆ ಎರಡು ವಿಂಡೋ ಬೇಕೇ ಬೇಕು. ಲ್ಯಾಪ್‌ಟಾಪ್‌ನಲ್ಲಿ ಪ್ರಿವ್ಯೂಗೆ ಒಂದು, ಪ್ರೊಜೆಕ್ಟರ್‌ಗೆ ಇನ್ನೊಂದು. ಚಿತ್ರ (ಗ್ರಾಫಿಕ್ಸ್ ಕಾರ್ಡಿನಲ್ಲಿ ಇಟ್ಟಾಗ ಅದಕ್ಕೆ ಟೆಕ್ಸ್ಚರ್ ಎನ್ನುತ್ತಾರೆ) ಒಂದೇ, ಆದರೂ ಎರಡನೆಯದರಲ್ಲಿ ಬರೀ ಕಪ್ಪು. ಯಾಕೆ?

1980ರ ದಶಕದಲ್ಲಿ ಪ್ಯಾರಿಸ್‌ನ ಸಂಗೀತ ಸಂಶೋಧನಾ ಸಂಸ್ಥೆ ಇರ್ಕಾಮ್‌ನಲ್ಲಿ ಮಿಲ್ಲರ್ ಪಕೆಟ್ ಮ್ಯಾಕ್ಸ್ ಬರೆದಾಗ ಅದು ಸಂಗೀತದ ಸಲಕರಣೆ. ಚಿತ್ರಕ್ಕಾಗಿ ಅದರ ಜೊತೆಗೆ ಜಿಟ್ಟರ್ ಬಂದದ್ದು ಎಷ್ಟೋ ಆಮೇಲೆ.

ಅಷ್ಟರಲ್ಲಿ, 1992ರಲ್ಲೇ, ಗ್ರಾಫಿಕ್ಸ್ ಕಾರ್ಡಿನಿಂದ ಚಿತ್ರ ಬಿಡಿಸಿಕೊಳ್ಳಲು ಸಾಫ್ಟ್‌ವೇರ್‌ಗಳು ಬಳಸುವ ಓಪನ್‌ಜಿಎಲ್ ಬಂದಿತ್ತು. ಅದರಲ್ಲಿ ಏನೇ ಬಿಡಿಸಬೇಕಾದರೂ ಒಂದು ಕಾಂಟೆಕ್ಸ್ಟ್, ಅಂದರೆ ಬಿಡಿಸುವ ಕೆಲಸದ ಸರಂಜಾಮೆಲ್ಲ ಇರುವ ಕೋಣೆಯಂಥದ್ದು, ಬೇಕು. ಸಾಮಾನ್ಯವಾಗಿ ವಿಂಡೋಗೊಂದು. ಟೆಕ್ಸ್ಚರ್ ಆ ಕಾಂಟೆಕ್ಸ್ಟ್‌ನ ಸ್ವತ್ತು, ಪಕ್ಕದ ವಿಂಡೋಗೆ ಕಾಣುವುದಿಲ್ಲ. ಹಂಚಿಕೊಳ್ಳಲು ದಾರಿ ಇತ್ತು, ಆದರೆ ಅದನ್ನು ಕಾಂಟೆಕ್ಸ್ಟ್ ಹುಟ್ಟುವ ಹೊತ್ತಿಗೇ ಹೇಳಬೇಕು. ಪ್ಯಾಚ್ ಮಾಡುವವರು ಹಾಗಲ್ಲ, ಮನಸ್ಸು ಬಂದಾಗ ವಿಂಡೋ ತೆರೆಯುತ್ತಾರೆ, ಮುಚ್ಚುತ್ತಾರೆ.

ಹಂಚಿಕೊಂಡರೂ ಅದು ಅರೆಬರೆ. ಟೆಕ್ಸ್ಚರ್, ಬಫರ್ (ಕಾರ್ಡಿನಲ್ಲಿಟ್ಟ ದತ್ತಾಂಶ), ಶೇಡರ್ (ಕಾರ್ಡಿನಲ್ಲಿ ಓಡುವ ಪುಟ್ಟ ಪ್ರೋಗ್ರಾಂ) ಇವೆಲ್ಲ ಆಚೆ ಸಿಗುತ್ತವೆ. ಟೆಕ್ಸ್ಚರ್ ಮೇಲೆ ಬಿಡಿಸಲು ಬೇಕಾದ ಫ್ರೇಮ್‌ಬಫರ್ ಆಬ್ಜೆಕ್ಟ್‌ನಂಥವು ಸಿಗುವುದಿಲ್ಲ. ಒಂದು ಕಡೆ ಬದಲಾಯಿಸಿದ್ದು ಇನ್ನೊಂದು ಕಡೆ ತಾನಾಗಿಯೇ ಕಾಣುತ್ತದೆ ಎನ್ನುವ ಖಾತ್ರಿಯೂ ಇಲ್ಲ. ಮೊದಲ ಕೆಲಸ ಮುಗಿಯುವವರೆಗೆ ಕಾದು, ಟೆಕ್ಸ್ಚರನ್ನು ಮತ್ತೆ ಬೈಂಡ್ ಮಾಡಬೇಕು, ಅಂದರೆ ಬಳಕೆಗೆ ಜೋಡಿಸಿಕೊಳ್ಳಬೇಕು. ನಿಯಮ ಪುಸ್ತಕದಲ್ಲಿತ್ತು ನಿಜ. ಆದರೆ ಗೆರೆ ಎಳೆಯುವವರಿಗೆ ಅದು ಎಲ್ಲಿ ಕಾಣಬೇಕು? ಗೆರೆಯೇನೋ ಸಲೀಸಾಗಿ ಕೂಡಿಕೊಳ್ಳುತ್ತಿತ್ತು. ಆಮೇಲೆ ಕಪ್ಪು.

ಹೀಗಾಗಿ ಚಿತ್ರವನ್ನು ಕಾರ್ಡಿನಿಂದ ರ‍್ಯಾಮ್‌ಗೆ ಇಳಿಸಿ ಮತ್ತೆ ಏರಿಸುವುದು ರೂಢಿಯಾಯಿತು. 1920×1080ರ ಒಂದು ಫ್ರೇಮ್ ಸುಮಾರು 8 ಎಂಬಿ. ಸೆಕೆಂಡಿಗೆ 60 ಅಂದರೆ 500 ಎಂಬಿ ಹತ್ತಿರ, ಅದೂ ಒಂದೇ ದಿಕ್ಕಿಗೆ. ಸುಮ್ನೆ ದಂಡ. ಎರಡೂ ಪರದೆಗೆ ಚಾಚುವ ಒಂದೇ ದೊಡ್ಡ ವಿಂಡೋ ತೆರೆದು ಪಾರಾದವರೂ ಜಾಸ್ತಿ.

ಮುಂದೆ ಮ್ಯಾಕ್‌ಗೆ ಸೈಫನ್, ವಿಂಡೋಸ್‌ಗೆ ಸ್ಪೌಟ್ ಬಂದವು. ಕಾರ್ಡಿನಲ್ಲಿರುವ ಚಿತ್ರವನ್ನು ಅಲ್ಲಿಂದ ಕದಲಿಸದೆ ಒಂದು ಸಾಫ್ಟ್‌ವೇರ್‌ನಿಂದ ಇನ್ನೊಂದಕ್ಕೆ ಕೊಡಬಹುದಾಯಿತು. ಬೇರೆ ಸಾಫ್ಟ್‌ವೇರ್‌ಗೆ ಕೊಡುವುದು ಸುಲಭ, ತನ್ನದೇ ಎರಡನೇ ವಿಂಡೋಗೆ ಕೊಡುವುದು ಕಷ್ಟ. ತಮಾಷೆ ಅಲ್ವಾ?

ಓಪನ್‌ಜಿಎಲ್ ನಂತರದ್ದಾದ 2016ರ ವಲ್ಕನ್‌ನಲ್ಲಿ ಟೆಕ್ಸ್ಚರ್‌ನ ಒಡೆತನ ಕಾಂಟೆಕ್ಸ್ಟ್‌ನಿಂದ ಡಿವೈಸ್‌ಗೆ ಹೋಯಿತು. ವಿಂಡೋ ಬರೀ ತೋರಿಸುವ ಜಾಗ. ಬ್ರೌಸರ್‌ನ ವೆಬ್‌ಜಿಪಿಯು ಕೂಡ ಹೀಗೇ: ಒಂದು ಡಿವೈಸ್, ಹಲವು ಕ್ಯಾನ್ವಾಸ್ (ಪುಟದಲ್ಲಿ ಚಿತ್ರ ತೋರಿಸುವ ಜಾಗ). ಮೊದಲಿಂದಲೂ ಹೀಗೇ ಇರಬೇಕಿತ್ತು. ಆದರೆ ಡಿವೈಸ್ ಅಂದರೆ ಸಾಮಾನ್ಯವಾಗಿ ಒಂದು ಕಾರ್ಡ್. ಎರಡು ಕಾರ್ಡಿರುವ ಲ್ಯಾಪ್‌ಟಾಪ್‌ನಲ್ಲಿ ಪ್ರೊಜೆಕ್ಟರ್ ಇನ್ನೊಂದು ಕಾರ್ಡಿಗೆ ಸೇರಿಕೊಂಡರೆ ಕಾಪಿ ಮಾಡುವ ಕೆಲಸ ಇಂದಿಗೂ ತಪ್ಪಿಲ್ಲ.