ಹೆಸರು ಅಮೆರಿಕದ್ದು, ಬುಟ್ಟಿ ಬೇರೆಯದು

ಎಸ್ ಅಂಡ್ ಪಿ 500 ಎಂಬುದು ಅಮೆರಿಕದ ದೊಡ್ಡ ಕಂಪನಿಗಳ ಷೇರು ಸೂಚ್ಯಂಕ. ಅದನ್ನು ಅನುಸರಿಸುವ, ಯುರೋಪಿನಲ್ಲಿ ಮಾರಾಟವಾಗುವ ಕೆಲವು ಇಟಿಎಫ್‌ಗಳ (ಷೇರುಪೇಟೆಯಲ್ಲೇ ಕೊಂಡು ಮಾರಬಹುದಾದ ಫಂಡ್‌ಗಳ) ಆಸ್ತಿಪಟ್ಟಿ ತೆರೆದರೆ, ಆ ಸೂಚ್ಯಂಕದಲ್ಲೇ ಇಲ್ಲದ ಜಪಾನ್, ಜರ್ಮನಿ ಕಂಪನಿಗಳ ಷೇರುಗಳು ಕಾಣಬಹುದು. ತಪ್ಪೇನೂ ಆಗಿಲ್ಲ, ಅದು ಸ್ವಾಪ್, ಅಂದರೆ ಗಳಿಕೆಗಳ ಅದಲುಬದಲು ಒಪ್ಪಂದ ಆಧಾರಿತ ಫಂಡ್. ಭಾರತದಲ್ಲಿ ಸೆಬಿ ನಿಯಮದಂತೆ ಷೇರು ಇಟಿಎಫ್ ತನ್ನ ಹಣದ ಕನಿಷ್ಠ 95%ರಷ್ಟನ್ನು ಸೂಚ್ಯಂಕದ ಷೇರುಗಳಲ್ಲೇ ಇಡಬೇಕು. ಇದೇ ರೂಢಿಯಾದ ನಮ್ಮವರು ಲಂಡನ್ನಿಗೋ ಫ್ರಾಂಕ್‌ಫರ್ಟಿಗೋ ಹೋದಾಗ ಅಲ್ಲೂ ಹಾಗೇ ಇರುತ್ತದೆ ಅಂದುಕೊಳ್ಳುವುದು ಸಹಜ.

ಉದಾಹರಣೆಗೆ, ಇಂಥ ಫಂಡ್ 10 ಕೋಟಿ ಯೂರೋಗೆ ಬೇರೆ ಷೇರುಗಳ ಬುಟ್ಟಿ ಕೊಂಡು, ಒಂದು ಬ್ಯಾಂಕಿನೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತದೆ: ಬುಟ್ಟಿಯ ಗಳಿಕೆ ಬ್ಯಾಂಕಿಗೆ, ಸೂಚ್ಯಂಕದ ಗಳಿಕೆ ಫಂಡಿಗೆ. ಸೂಚ್ಯಂಕ 4% ಏರಿ, ಬುಟ್ಟಿ 1% ಮಾತ್ರ ಏರಿದರೆ ಬ್ಯಾಂಕ್ 30 ಲಕ್ಷ ಯೂರೋ ಬಾಕಿ ಉಳಿಸಿಕೊಂಡಂತೆ. ಅದು ಕೈಸೇರುವ ಮುನ್ನ ಬ್ಯಾಂಕ್ ಮುಳುಗಿದರೆ ನೇರವಾಗಿ ಹೋಗುವುದು ಈ 30 ಲಕ್ಷ, ಇಡೀ 10 ಕೋಟಿಯಲ್ಲ. ಯುರೋಪಿನ ಫಂಡ್‌ಗಳಿಗೆ ಅನ್ವಯಿಸುವ ಯುಸಿಟ್ಸ್ ನಿಯಮ ಒಂದು ಬ್ಯಾಂಕಿನಿಂದ ಬರಬೇಕಾದ ಇಂಥ ಬಾಕಿಗೆ ಫಂಡಿನ 10%ರ ಮಿತಿ ಹಾಕಿದೆ.

ಹಾಗೆಂದು ನಷ್ಟವೂ 10%ಕ್ಕೇ ನಿಲ್ಲುತ್ತದೆ ಎಂದು ಓದಿಕೊಳ್ಳಬೇಡಿ. ದೊಡ್ಡ ಬ್ಯಾಂಕ್ ಬೀಳುವ ಹೊತ್ತಿಗೆ ಸಾಮಾನ್ಯವಾಗಿ ಮಾರುಕಟ್ಟೆಯೂ ಕುಸಿಯುತ್ತಿರುತ್ತದೆ. ಆಗ ಒಪ್ಪಂದ ಮುರಿದು ಫಂಡಿನ ಕೈಯಲ್ಲಿ ಉಳಿಯುವುದು ಸೂಚ್ಯಂಕಕ್ಕೆ ಸಂಬಂಧವಿಲ್ಲದ ಆ ಬುಟ್ಟಿ. ಅದನ್ನು ಸಿಕ್ಕ ಬೆಲೆಗೆ ಮಾರಬೇಕು. ಇನ್ನೊಂದು ಬಗೆಯಲ್ಲಿ ಫಂಡ್ ನಗದನ್ನೇ ಬ್ಯಾಂಕಿಗೆ ಕೊಟ್ಟು ಅಡವು ಪಡೆಯುತ್ತದೆ. ಅಲ್ಲಿ ಅಡವು ಫಂಡಿನ ಹೆಸರಿಗೇ ವರ್ಗವಾಗಿದೆಯೇ, ಬರೀ ಒತ್ತೆಯಾಗಿ ಬ್ಯಾಂಕಿನ ಹೆಸರಲ್ಲೇ ಉಳಿದಿದೆಯೇ ಎಂಬುದು ಮುಖ್ಯ. ಬರೀ ಒತ್ತೆಯಾದರೆ ದಿವಾಳಿ ಪ್ರಕ್ರಿಯೆಯಲ್ಲಿ ಅದು ಸಿಕ್ಕಿಹಾಕಿಕೊಳ್ಳಬಹುದು.

ಇಷ್ಟೆಲ್ಲ ಇದ್ದೂ ಜನ ಇದನ್ನು ಕೊಳ್ಳಲು ಸಕಾರಣವಿದೆ. ಷೇರುಗಳನ್ನೇ ಹೊಂದಿರುವ ಐರ್ಲೆಂಡಿನ ಫಂಡ್ ಅಮೆರಿಕದ ಡಿವಿಡೆಂಡಿನ ಮೇಲೆ 15% ತೆರಿಗೆ ಕಟ್ಟುತ್ತದೆ. ಎಸ್ ಅಂಡ್ ಪಿ 500ರಂಥ ವ್ಯಾಪಕ ಸೂಚ್ಯಂಕದ ಸ್ವಾಪ್‌ಗೆ ಆ ತೆರಿಗೆಯಿಲ್ಲ. ಡಿವಿಡೆಂಡ್ 1.5% ಎಂದಿಟ್ಟುಕೊಂಡರೆ ವರ್ಷಕ್ಕೆ ಸುಮಾರು 0.22% ಉಳಿತಾಯ. ಆದರೆ ಸ್ವಾಪ್‌ಗೆ ಬ್ಯಾಂಕ್ ಪಡೆಯುವ ಶುಲ್ಕ ಜಾಹೀರಾತಿನ ವೆಚ್ಚದ ಅಂಕಿಯಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ. ಹಾಗಾಗಿ ವೆಚ್ಚದ ಅಂಕಿಯನ್ನು ಬಿಟ್ಟು ಫಂಡಿನ ಗಳಿಕೆಯನ್ನು ಸೂಚ್ಯಂಕದ ಗಳಿಕೆಯೊಂದಿಗೆ ವರ್ಷವರ್ಷವೂ ಹೋಲಿಸಿ. ಹೋಲಿಕೆ ನೆಟ್ ಸೂಚ್ಯಂಕದೊಂದಿಗಾದರೆ ಅದರಲ್ಲಿ ಡಿವಿಡೆಂಡಿನ ಮೇಲಿನ 30% ತೆರಿಗೆ ಮೊದಲೇ ಕಳೆದಿರುತ್ತದೆ. ಫಂಡ್ ಅದನ್ನು ಮೀರಿಸಿದ್ದರಲ್ಲಿ ಜಾಣ್ಮೆಯೇನಿಲ್ಲ.

ಹಾಂಗ್‌ಕಾಂಗಿನಲ್ಲಿ ಇಂಥ ಫಂಡಿನ ಚುಟುಕು ಹೆಸರಿನ ಮೊದಲಿಗೇ ಎಕ್ಸ್ ಗುರುತು ಹಾಕಿಸಿದರು. ಯುರೋಪಿನಲ್ಲಿ ಅಂಥ ಕಡ್ಡಾಯ ಗುರುತಿಲ್ಲ, ನೀವೇ ಫಂಡಿನ ಫ್ಯಾಕ್ಟ್‌ಶೀಟ್ (ಮಾಹಿತಿ ಹಾಳೆ) ತೆರೆದು, ಸೂಚ್ಯಂಕವನ್ನು ಅನುಸರಿಸುವ ವಿಧಾನ ಹೇಳುವ ‘ರೆಪ್ಲಿಕೇಶನ್’ ಸಾಲು ನೋಡಬೇಕು. ಅಲ್ಲಿ ಸಿಂಥೆಟಿಕ್, ಇನ್‌ಡೈರೆಕ್ಟ್ ಅಥವಾ ಸ್ವಾಪ್ ಎಂದಿದ್ದರೆ ಬ್ಯಾಂಕುಗಳ ಹೆಸರು, ಅವು ಎಷ್ಟಿವೆ, ಇಂದಿನ ಬಾಕಿ ಎಷ್ಟು, ಬುಟ್ಟಿಯಲ್ಲಿ ಏನಿದೆ ಎಂಬುದನ್ನು ಫಂಡಿನ ಜಾಲತಾಣದಲ್ಲಿ ಹುಡುಕಿ. ಸಿಗದಿದ್ದರೆ ಆ ಫಂಡ್ ಕೊಳ್ಳಬೇಡಿ.