ಯಾವಾಗ ಸಾರ್ ಹೀಗಾಗೋದು?

ನಮ್ಮ ಹಳೆಯ ಕಾರನ್ನು ಮೊದಲ ಸಲ ಆ ಮೆಕ್ಯಾನಿಕ್ ಹತ್ತಿರ ಒಯ್ದಾಗ "ಗಾಡಿ ಹೀಟ್ ಆಗ್ತಿದೆ" ಅಂದೆ. ಅವರು ಬಾನೆಟ್ ಎತ್ತಲಿಲ್ಲ. ಕೈ ಒರೆಸಿಕೊಳ್ಳುತ್ತಾ, "ಯಾವಾಗ ಸಾರ್? ಟ್ರಾಫಿಕ್ಕಲ್ಲೋ, ಹೈವೇಲೋ?" ಎಂದು ಕೇಳಿದರು.

ಅದಕ್ಕೂ ಮೊದಲು ಬೇರೊಂದು ಗ್ಯಾರೇಜಿನಲ್ಲಿ, ಎಂಜಿನ್ನಿನ ಬಿಸಿ ನೀರನ್ನು ತಣಿಸುವ ರೇಡಿಯೇಟರನ್ನೇ ಬದಲಾಯಿಸಿದ್ದರು. ಹಣ ಹೋಗಿತ್ತು, ಹೀಟ್ ಹೋಗಿರಲಿಲ್ಲ. ಸಿಗ್ನಲ್ಲಿನಲ್ಲಿ ನಿಂತಾಗ ಮುಳ್ಳು ಮೇಲೇರುತ್ತದೆ, ಹೈವೇಗೆ ಬಂದರೆ ತಾನಾಗಿ ಇಳಿಯುತ್ತದೆ ಎಂದೆ. "ಹಾಗಾದ್ರೆ ಮೊದಲು ಫ್ಯಾನ್ ನೋಡೋಣ" ಅಂದರು. ಫ್ಯಾನಿಗೆ ಕರೆಂಟ್ ಕೊಡುವ ಚಿಕ್ಕ ರಿಲೇ ಕೆಟ್ಟಿತ್ತು, ಅಷ್ಟೇ.

ಆ ಒಂದು ಪ್ರಶ್ನೆಯಲ್ಲಿ ಎಷ್ಟು ವಿಜ್ಞಾನ ಇದೆ ಎಂಬುದು ನನಗೆ ಅರ್ಥವಾಗಿದ್ದು ಆಮೇಲೆ. ಗಾಡಿ ಜೋರಾಗಿ ಓಡುವಾಗ ಎದುರು ಗಾಳಿಯೇ ರೇಡಿಯೇಟರನ್ನು ತಣ್ಣಗೆ ಇಡುತ್ತದೆ. ನಿಂತಾಗ ಆ ಗಾಳಿ ಇಲ್ಲ, ಫ್ಯಾನೇ ಗತಿ. ಹಾಗಾಗಿ ನಿಂತಾಗ ಮಾತ್ರ ಹೀಟ್ ಆದರೆ ಅನುಮಾನ ಫ್ಯಾನಿನ ಮೇಲೆ. ಇದೇ ಉಲ್ಟಾ ಆಗಿದ್ದರೆ? ಊರೊಳಗೆ ಸರಿಯಿದ್ದು ಹೈವೇಯಲ್ಲಿ, ಏರಿನಲ್ಲಿ ಹೀಟ್ ಆದರೆ ಅನುಮಾನ ಗಾಳಿಯ ಮೇಲಲ್ಲ, ನೀರಿನ ಓಟದ ಮೇಲೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದ ರೇಡಿಯೇಟರುಗಳ ಒಳಗೆ, ಮನೆಯ ಗೀಸರಿನಲ್ಲಿ ಕಟ್ಟುವ ಹಾಗೆಯೇ, ಬಿಳಿ ಗಟ್ಟಿ ಪದರ ಕಟ್ಟಿ ನೀರಿನ ದಾರಿ ಕಿರಿದಾಗಿರುತ್ತದೆ. ಕಡಿಮೆ ಬಿಸಿಯನ್ನು ಅಂಥ ರೇಡಿಯೇಟರು ಹೇಗೋ ನಿಭಾಯಿಸುತ್ತದೆ. ಎಂಜಿನ್ ಜಾಸ್ತಿ ದುಡಿದಾಗ ಸೋಲುತ್ತದೆ. ಬರೀ ನೀರಿನ ಬದಲು ಕೂಲೆಂಟ್ ಎಂಬ ದ್ರವವನ್ನೇ ಹಾಕಿ ಎಂದು ಹೇಳುವುದು ಸುಮ್ನೆ ಅಲ್ಲ.

ಇನ್ನೊಂದು ಭಾಗವನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ: ರೇಡಿಯೇಟರಿನ ಮುಚ್ಚಳ. ಸಮುದ್ರದ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ ಸುಮಾರು 97ಕ್ಕೇ ಕುದಿಯುತ್ತದೆ. ಎಂಜಿನ್ ಕೆಲಸ ಮಾಡುವ ಬಿಸಿಯೇ 90ರ ಆಸುಪಾಸು ಇರುತ್ತದೆ, ಜಾಸ್ತಿ ದುಡಿದರೆ ಇನ್ನೂ ಏರುತ್ತದೆ. ಹಾಗಾದರೆ ಅದು ಕುದಿಯದೆ ಉಳಿಯುವುದು ಹೇಗೆ? ಪ್ರೆಶರ್ ಕುಕ್ಕರಿನ ಹಾಗೆ. ಮುಚ್ಚಳದ ಒಳಗಿನ ಸ್ಪ್ರಿಂಗು ಹೊರಗಿನ ಗಾಳಿಗಿಂತ ಸುಮಾರು 1 ಬಾರ್ ಹೆಚ್ಚಿನ ಒತ್ತಡವನ್ನು ಹಿಡಿದಿಡುತ್ತದೆ, ಆಗ ನೀರು ಕುದಿಯಲು 120 ಡಿಗ್ರಿಯಷ್ಟು ಬೇಕು. ಮುಚ್ಚಳದ ರಬ್ಬರ್ ಸವೆದರೆ ಈ ಒತ್ತಡ ನಿಲ್ಲುವುದಿಲ್ಲ, ಬೇರೆಲ್ಲ ಸರಿಯಿದ್ದರೂ ನೀರು ಕುದಿದು ಹೊರಗೆ ಹೋಗುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ತೆರೆಯಬಾರದು ಎನ್ನುವುದೂ ಇದಕ್ಕೇ. ತೆರೆದ ಕ್ಷಣ ಒತ್ತಡ ಇಳಿಯುತ್ತದೆ, 110 ಡಿಗ್ರಿಯ ನೀರು ಒಮ್ಮೆಲೇ ಕುದಿದು ಆವಿಯ ಜೊತೆ ಮುಖಕ್ಕೆ ಚಿಮ್ಮುತ್ತದೆ. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ದಯವಿಟ್ಟು ಕಾಯಿರಿ.

"ಯಾವಾಗ" ಎಂಬ ಪ್ರಶ್ನೆ ಜೀವ ಉಳಿಸುವುದು ಘಾಟಿಯಲ್ಲಿ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ಇಳಿಯುವಾಗ ಬ್ರೇಕ್ ಹಿಡಿಯಲಿಲ್ಲ ಎನ್ನುತ್ತಾರೆ. ಮರುದಿನ ಊರಿನ ಗ್ಯಾರೇಜಿನಲ್ಲಿ ನೋಡಿದರೆ ಎಲ್ಲ ಸರಿ. ಹಾಗಾದರೆ ಡ್ರೈವರ್ ಹೇಳಿದ್ದು ಸುಳ್ಳೇ? ಖಂಡಿತ ಅಲ್ಲ.

ಸಣ್ಣ ಲೆಕ್ಕ ಹಾಕೋಣ. 1000 ಕೆಜಿ ತೂಕದ ಕಾರು 500 ಮೀಟರ್ ಎತ್ತರದಿಂದ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 49 ಲಕ್ಷ ಜೂಲ್. ಅದರಲ್ಲಿ 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಒಂದು ಬಕೆಟ್ ನೀರು ಕಾಯಿಸುವ ಬಿಸಿಯನ್ನು ಬರೀ ಬ್ರೇಕಿನ ಮೇಲೆ ಹೊರಿಸಿದರೆ ಅದು ಆ ಪುಟ್ಟ ಡಿಸ್ಕುಗಳಿಗೆ, ಡ್ರಮ್ಮುಗಳಿಗೆ ಹೋಗಬೇಕು. 16 ಟನ್ನಿನ ಲಾರಿಯಾದರೆ 16 ಬಕೆಟ್.

ಈ ಬಿಸಿಯಲ್ಲಿ ಬ್ರೇಕ್ ಸೋಲುವುದು ಎರಡು ರೀತಿಯಲ್ಲಿ. ಪೆಡಲ್ ಗಟ್ಟಿಯಾಗಿಯೇ ಇದ್ದು ಗಾಡಿ ನಿಲ್ಲದಿದ್ದರೆ ಡಿಸ್ಕು, ಡ್ರಮ್ಮುಗಳನ್ನು ಒತ್ತಿ ಹಿಡಿಯುವ ಪ್ಯಾಡು, ಲೈನರು ಕಾದು ಹಿಡಿತ ಕಳೆದುಕೊಂಡಿವೆ, ಸುಟ್ಟ ವಾಸನೆಯೂ ಬರುತ್ತದೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋದರೆ ಬ್ರೇಕ್ ಆಯಿಲ್ ಕುದಿದಿದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಅದಕ್ಕೇ ಕಾಲಿನ ಒತ್ತಡ ಚಕ್ರದವರೆಗೆ ತಲುಪುತ್ತದೆ. ಆದರೆ ಆವಿಯ ಗುಳ್ಳೆ ಕುಗ್ಗುತ್ತದೆ. ಕಾಲಿನ ಬಲವೆಲ್ಲ ಆ ಗುಳ್ಳೆಯನ್ನು ಒತ್ತುವುದಕ್ಕೇ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣದ್ದು. ಡಾಟ್ 3 ಎಂಬ ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ಶೇಕಡ 3.7ರಷ್ಟು ನೀರು ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ! ಗಾಡಿ ತಣ್ಣಗಾದ ಮೇಲೆ ಗುಳ್ಳೆ ಕರಗುತ್ತದೆ, ಪೆಡಲ್ ಮತ್ತೆ ಗಟ್ಟಿ. ಗ್ಯಾರೇಜಿನಲ್ಲಿ ಏನೂ ಕಾಣದಿರುವುದು ಇದಕ್ಕೇ. "ಘಾಟಿಯ ಕೊನೆಯ ತಿರುವುಗಳಲ್ಲಿ ಪೆಡಲ್ ಮೆತ್ತಗಾಯಿತು" ಎಂದು ಹೇಳಿದರೆ ಮಾತ್ರ ಮೆಕ್ಯಾನಿಕ್ ಕೈ ಸರಿಯಾದ ಜಾಗಕ್ಕೆ ಹೋಗುತ್ತದೆ. ದೊಡ್ಡ ಲಾರಿಗಳ ಏರ್ ಬ್ರೇಕಿನಲ್ಲಿ ಕುದಿಯಲು ಆಯಿಲ್ ಇಲ್ಲ ನಿಜ. ಆದರೆ ಕಾದ ಡ್ರಮ್ಮು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಹಿಡಿತ ಸಡಿಲವಾಗುತ್ತದೆ.

ಡೀಸೆಲ್ ಉಳಿಯುತ್ತದೆಂದು ನ್ಯೂಟ್ರಲ್ಲಿನಲ್ಲಿ ಇಳಿಸುವವರನ್ನು ಕಂಡರೆ ನನಗೆ ಇಂದಿಗೂ ಎದೆ ಧಸಕ್ ಎನ್ನುತ್ತದೆ. ಈಗಿನ ಎಂಜಿನ್ನುಗಳಲ್ಲಿ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್ಲಿನಲ್ಲಾದರೆ ಎಂಜಿನ್ ಆರದಂತೆ ಅದು ಕುಡಿಯುತ್ತಲೇ ಇರುತ್ತದೆ. ಉಳಿತಾಯವೂ ಇಲ್ಲ, ಗೇರಿನಲ್ಲಿದ್ದಾಗ ಗಾಡಿಯನ್ನು ಹಿಡಿದಿಡುವ ಎಂಜಿನ್ನಿನ ತಡೆಯೂ ಇಲ್ಲ.

ಅಲುಗಾಟ, ಸದ್ದುಗಳಿಗೂ ಇದೇ ಪ್ರಶ್ನೆ. ಸ್ಟೀರಿಂಗ್ 80-100ರ ವೇಗದಲ್ಲಿ ಮಾತ್ರ ನಡುಗಿದರೆ ವೀಲ್ ಬ್ಯಾಲೆನ್ಸಿಂಗ್ ನೋಡಿಸಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ಪೂರ್ತಿ ತಿರುಗಿಸಿದಾಗ ಕಟ ಕಟ ಎಂದರೆ ಮುಂದಿನ ಆಕ್ಸಲಿನ ಜಾಯಿಂಟ್. ಗುಂಯ್ ಎನ್ನುವ ಸದ್ದು ತಿರುವಿನಲ್ಲಿ ಜಾಸ್ತಿ ಕಡಿಮೆ ಆದರೆ ಬೇರಿಂಗ್, ಏಕೆಂದರೆ ತಿರುವಿನಲ್ಲಿ ಭಾರ ಒಂದು ಪಕ್ಕಕ್ಕೆ ವಾಲುತ್ತದೆ.

ಈಗ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಇದೆಯಲ್ಲ, ಕೇಳುವುದೇಕೆ ಎನ್ನಬಹುದು. ಸ್ಕ್ಯಾನರ್ ಒಳ್ಳೆಯ ಸಾಧನವೇ. ಆದರೆ ಅದು ಲಕ್ಷಣ ಹೇಳುತ್ತದೆ, ಕಾರಣವನ್ನಲ್ಲ. ಪಿ0171 ಎಂಬ ಕೋಡ್ ಬಂತು ಎನ್ನಿ. 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಬೇಕು, ಇಲ್ಲಿ ಗಾಳಿ ಹೆಚ್ಚಾಗಿದೆ ಅಥವಾ ಪೆಟ್ರೋಲು ಸಾಲುತ್ತಿಲ್ಲ ಎಂದು ಅದರ ಅರ್ಥ. ಗಾಡಿ ನಿಂತು ಎಂಜಿನ್ ಸುಮ್ಮನೆ ಓಡುತ್ತಿರುವಾಗ ಮಾತ್ರ ತೊಂದರೆಯೇ? ಹಾಗಿದ್ದರೆ ಎಲ್ಲೋ ಪೈಪು ಸೀಳಿ ಗಾಳಿ ನುಗ್ಗುತ್ತಿರಬಹುದು, ಕಡಿಮೆ ಗಾಳಿ ಎಳೆಯುವ ಹೊತ್ತಿನಲ್ಲಿ ಆ ಸಣ್ಣ ಸೋರಿಕೆಯೇ ದೊಡ್ಡ ಪಾಲು. ಏರಿನಲ್ಲಿ ಮಾತ್ರ ಎಂದರೆ ಪೆಟ್ರೋಲ್ ಪಂಪು ಸುಸ್ತಾಗಿರಬಹುದು. ಅದನ್ನು ಹೇಳಬೇಕಾದವರು ಗಾಡಿ ಓಡಿಸುವವರೇ ಅಲ್ವಾ?

ಹೊಗೆಯ ವಿಷಯದಲ್ಲಂತೂ "ಯಾವಾಗ" ಎನ್ನುವುದೇ ಎಲ್ಲ. ಚಳಿಗಾಲದ ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಹೆದರಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ, ನೀವು ನೋಡುತ್ತಿರುವುದು ಅದರ ಆವಿ. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲೆಂಟೂ ಇಳಿಯುತ್ತಿದ್ದರೆ, ಅದು ಎಂಜಿನ್ನಿನ ಸಿಲಿಂಡರಿಗೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಪರೀಕ್ಷೆ ಮಾಡಿಸಿ.

ಹೋದ ವರ್ಷ ನಮ್ಮ ಭಾವನ ಕಾರು ಆಯಿಲ್ ಕುಡಿಯತೊಡಗಿತು. ಹಿಂದಿನಿಂದ ಬಂದವರು ನೀಲಿ ಹೊಗೆ ಎಂದರು. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಆಯಿಲ್ ಉರಿಯುವ ಜಾಗಕ್ಕೆ ಬಾರದಂತೆ ಕೆಳಗಿನಿಂದ ತಡೆಯುವುದು ಪಿಸ್ಟನ್ ರಿಂಗ್, ಮೇಲಿನಿಂದ ತಡೆಯುವುದು ವಾಲ್ವ್ ಸೀಲ್. ರಿಂಗ್ ಹೋಗಿದ್ದರೆ ಎಂಜಿನ್ ಇಡೀ ಬಿಚ್ಚಬೇಕು, ಖರ್ಚು ದೊಡ್ಡದು. ಸೀಲ್ ಆದರೆ ಮೇಲಿನ ಕೆಲಸ. ಸಂಜೆ ಅದೇ ಮೆಕ್ಯಾನಿಕ್ ಹತ್ತಿರ ಹೋದೆವು. ಅವರು ಆಕ್ಸಿಲರೇಟರ್ ಒತ್ತಿ ಹಿಡಿದು ನೋಡಿದರು, ಹೊಗೆ ಬರಲಿಲ್ಲ. ರಿಂಗ್ ಹೋಗಿದ್ದರೆ ಸಾಮಾನ್ಯವಾಗಿ ಆಗಲೇ ಬರುತ್ತದೆ. "ಇವತ್ತು ಇಲ್ಲೇ ಬಿಟ್ಟು ಹೋಗಿ ಸಾರ್. ಬೆಳಿಗ್ಗೆ ನೀವು ಬರೋವರೆಗೆ ನಾನು ಸೆಲ್ಫ್ ಹೊಡೆಯಲ್ಲ" ಅಂದರು. ರಾತ್ರಿಯೆಲ್ಲ ನಿಂತರೆ ಸವೆದ ಸೀಲಿನ ಸಂದಿಯಿಂದ ಆಯಿಲ್ ಒಂದೊಂದೇ ಹನಿ ಕೆಳಗಿಳಿದು ಕಾದಿರುತ್ತದೆ. ಬೆಳಿಗ್ಗೆ ಏಳಕ್ಕೆ ಮೂವರೂ ಸೈಲೆನ್ಸರಿನ ಹಿಂದೆ ನಿಂತೆವು, ಅವರ ಹುಡುಗ ಕೀ ತಿರುಗಿಸಿದ. ಬುಸ್ ಎಂದು ಒಂದು ನೀಲಿ ಮೋಡ ಎದ್ದಿತು. ಅರ್ಧ ನಿಮಿಷದಲ್ಲಿ ಮಾಯವಾಯಿತು.

"ಸೀಲ್" ಅಂದರು ಅವರು. ಭಾವ ಉಸಿರು ಬಿಟ್ಟರು.