ಮರಳಿ ಬಂದ ಹೆಸರು ಉಳಿಯುವುದು ಯಾವಾಗ?

ಪ್ರಶ್ನೆ: ಅಲಾಸ್ಕದ ಡೆನಾಲಿ ಪರ್ವತ ಮತ್ತೆ ಮೆಕಿನ್ಲಿ ಆಯಿತಲ್ಲ? ಸರ್ಕಾರ ಬದಲಾದ ಹಾಗೆಲ್ಲ ಹೆಸರೂ ಬದಲಾಗುವುದಾದರೆ, ಮೂಲನಿವಾಸಿಗಳ ಹೆಸರನ್ನು ಮರಳಿಸಿ ಏನು ಪ್ರಯೋಜನ?

ಉತ್ತರ: ಹೆಸರನ್ನು ಮರಳಿಸಿದ್ದು ಆದೇಶವೋ ಕಾನೂನೋ ಎಂಬುದನ್ನು ಮೊದಲು ನೋಡಬೇಕು.

ಆ ಪರ್ವತಕ್ಕೆ ಮೆಕಿನ್ಲಿ ಎಂದು ಹೆಸರಿಟ್ಟವನು 1896ರಲ್ಲಿ ಅಲ್ಲಿಗೆ ಚಿನ್ನ ಹುಡುಕಲು ಹೋಗಿದ್ದ ಒಬ್ಬಾತ. ಮೆಕಿನ್ಲಿ ಆಗಿನ್ನೂ ಅಮೆರಿಕದ ಅಧ್ಯಕ್ಷ ಹುದ್ದೆಯ ಅಭ್ಯರ್ಥಿ. ಅಲಾಸ್ಕಕ್ಕೆ ಕಾಲಿಟ್ಟವರೇ ಅಲ್ಲ. ಡೆನಾಲಿ ಹೆಸರೇ ಬೇಕೆಂದು ಅಲಾಸ್ಕ ರಾಜ್ಯ 1975ರಲ್ಲೇ ಕೇಳಿತು. ಮೆಕಿನ್ಲಿಯವರ ತವರು ಒಹಾಯೊದ ಸಂಸದರು ಅದಕ್ಕೆ ಅಡ್ಡಗಾಲು ಹಾಕಿದ ರೀತಿ ಮಾತ್ರ ಭಲೇ ಎನ್ನುವಂಥದ್ದು. ಒಂದು ಹೆಸರಿನ ಬಗ್ಗೆ ಮಸೂದೆ ಸಂಸತ್ತಿನ ಮುಂದಿದ್ದರೆ ಭೌಗೋಳಿಕ ಹೆಸರುಗಳ ಮಂಡಳಿ ಆ ಹೆಸರಿನ ತಂಟೆಗೆ ಹೋಗುವುದಿಲ್ಲ. ಹಾಗಾಗಿ ಪಾಸಾಗುವ ಆಸೆಯೇ ಇಲ್ಲದ ಮಸೂದೆಯನ್ನು ಮತ್ತೆ ಮತ್ತೆ ಮಂಡಿಸಿದರೆ ಸಾಕಿತ್ತು! ದಶಕಗಳು ಹಾಗೇ ಕಳೆದವು.

ಕೊನೆಗೆ 2015ರಲ್ಲಿ ಒಬಾಮ ಸರ್ಕಾರದ ಒಳಾಡಳಿತ ಇಲಾಖೆ ಆದೇಶ ಹೊರಡಿಸಿ ಡೆನಾಲಿ ಹೆಸರನ್ನು ಮರಳಿಸಿತು. ಆದೇಶದಿಂದ ಬಂದದ್ದು ಆದೇಶದಿಂದಲೇ ಹೋಯಿತು: 2025ರ ಜನವರಿಯಲ್ಲಿ ಟ್ರಂಪ್ ಸಹಿ ಹಾಕಿದರು. ಆದರೆ ಪರ್ವತದ ಸುತ್ತಲಿನ ರಾಷ್ಟ್ರೀಯ ಉದ್ಯಾನ ಇಂದಿಗೂ ಡೆನಾಲಿಯೇ. ಆ ಹೆಸರನ್ನು 1980ರಲ್ಲಿ ಸಂಸತ್ತು ಕಾನೂನಿನ ಮೂಲಕ ಕೊಟ್ಟಿತ್ತು.

ಅದೇ 2025ರ ಜನವರಿಯಲ್ಲೇ ನ್ಯೂಜಿಲೆಂಡಿನ ಸಂಸತ್ತು ಒಂದೇ ಒಂದು ವಿರೋಧ ಮತವಿಲ್ಲದೆ ತಾರನಾಕಿ ಪರ್ವತದ ಕಾನೂನನ್ನು ಅಂಗೀಕರಿಸಿತು. ಆ ಪರ್ವತಕ್ಕೆ ಬ್ರಿಟಿಷರು ಇಟ್ಟಿದ್ದ ಎಗ್ಮಾಂಟ್ ಎಂಬ ಹೆಸರು ಬಿಟ್ಟುಹೋಯಿತು, ಪರ್ವತಕ್ಕೆ ಕಾನೂನಿನ ವ್ಯಕ್ತಿತ್ವವೂ, ಅಂದರೆ ಕಾನೂನಿನ ಕಣ್ಣಲ್ಲಿ ಒಬ್ಬ ವ್ಯಕ್ತಿಯ ಸ್ಥಾನವೂ, ಸಿಕ್ಕಿತು. ಅಲ್ಲಿನ ಮೂಲನಿವಾಸಿಗಳಾದ ಮಾವೊರಿಗಳಿಂದ ಕಸಿದುಕೊಂಡ ನೆಲಕ್ಕೆ ಪರಿಹಾರ ಕೊಡುವ ಒಪ್ಪಂದದ ಭಾಗವಾಗಿ ಹೆಸರು ಬಂದದ್ದರಿಂದ, ಅದನ್ನೊಂದನ್ನೇ ಕಿತ್ತು ಹಾಕುವುದು ಸುಲಭವಲ್ಲ.

ನಡುದಾರಿಯೂ ಇದೆ: ಜೋಡಿ ಹೆಸರು. ಆಸ್ಟ್ರೇಲಿಯಾದ ಪ್ರಸಿದ್ಧ ಬಂಡೆ 1993ರಲ್ಲಿ 'ಏಯರ್ಸ್ ರಾಕ್ / ಉಲುರು' ಆಯಿತು. 2002ರಲ್ಲಿ ಮೂಲನಿವಾಸಿಗಳ ಹೆಸರಾದ ಉಲುರು ಮುಂದೆ ಬಂತು. ಹಾಗೆ ಅದಲು ಬದಲು ಮಾಡಿ ಎಂದು ಕೇಳಿದ್ದು ಆ ಭಾಗದ ಪ್ರವಾಸೋದ್ಯಮ ಸಂಘ. ಹೆಸರು ಬದಲಾದರೆ ಪ್ರವಾಸಿಗರು ಗಲಿಬಿಲಿಗೊಳ್ಳುತ್ತಾರೆ ಎಂದು ವಾದಿಸುವವರು ಇದನ್ನು ಗಮನಿಸಬೇಕು. ಜೋಡಿ ಹೆಸರು ಅರೆಮನಸ್ಸಿನ ರಾಜಿ ಎಂದು ಟೀಕಿಸುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ. ಅಲ್ಲಿ ಮರಳಿದ್ದು ಹೆಸರೊಂದೇ ಅಲ್ಲ: ಬಂಡೆಯ ಒಡೆತನ 1985ರಲ್ಲೇ ಆ ನೆಲದ ಮೂಲನಿವಾಸಿಗಳಾದ ಅನಂಗು ಜನರಿಗೆ ಮರಳಿತ್ತು. ಅವರು ಬೇಡವೆನ್ನುತ್ತಲೇ ಬಂದಿದ್ದ ಬಂಡೆ ಹತ್ತುವ ಚಟುವಟಿಕೆಯೂ 2019ರ ಅಕ್ಟೋಬರಿನಲ್ಲಿ ನಿಂತಿತು.